ಮಾರಿಕಣಿವೆ ಕೋಡಿ ಬಿದ್ದಾಗ

ನಮ್ಮ ಮನೆಯಲ್ಲಿ ಆಗದ ಕೆಲಸಗಳಿಗೆಲ್ಲ ಒಂದೇ ಮುಹೂರ್ತ ಇತ್ತು: ಮಾರಿಕಣಿವೆ ಕೋಡಿ ಬಿದ್ದಾಗ. ಹಿರಿಯೂರು ತಾಲ್ಲೂಕಿನ ಆ ಜಲಾಶಯ ಅಜ್ಜನ ಕಾಲದಲ್ಲಿ ಯಾವಾಗಲೋ ಒಮ್ಮೆ ತುಂಬಿ ಕೋಡಿಯ ಮೇಲಿಂದ ಹರಿದಿತ್ತಂತೆ. ಆಮೇಲೆ ಅಪ್ಪನ ಆಯುಷ್ಯವೆಲ್ಲ ಮುಗಿದರೂ ಅದು ತುಂಬಲಿಲ್ಲ. ಹಾಗಾಗಿ ಅವ್ವ ಹೊಸ ಸೀರೆ ಕೇಳಿದರೆ ಅಪ್ಪ, "ಕೋಡಿ ಬೀಳ್ಲಿ ತಡಿ, ತರಾಣ" ಅನ್ನುತ್ತಿದ್ದ. ನಾನು ಸೈಕಲ್ ಕೇಳಿದಾಗಲೂ ಅದೇ ಉತ್ತರ ಬಂತು. ಅಷ್ಟು ದೊಡ್ಡ ನೀರನ್ನು ಮುಂದೆ ತಂದು ನಿಲ್ಲಿಸಿದ ಮೇಲೆ ಯಾರೂ ವಾದ ಬೆಳೆಸುತ್ತಿರಲಿಲ್ಲ.

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆ ನಮ್ಮ ಊರು. ಕುರಿ ಸಾಕುವ ಮನೆ. ಕುರಿಗೆ ಯುಗಾದಿ ಗೊತ್ತಿಲ್ಲ, ಮದುವೆ ಗೊತ್ತಿಲ್ಲ, ಸಾವೂ ಗೊತ್ತಿಲ್ಲ. ಬೆಳಗಾದರೆ ಮೇಯಬೇಕು, ಅಷ್ಟೇ. ಅಪ್ಪ ನೆಂಟರ ಮನೆಗೆ ಹೋದರೂ ಒಂದು ಕಾಲು ಹೊಸಿಲಿನ ಆಚೆ ಇಟ್ಟುಕೊಂಡೇ ಊಟ ಮಾಡುತ್ತಿದ್ದ. ಅವ್ವ ಅವನನ್ನು ಸೀರೆಗಿಂತ ಹೆಚ್ಚು ಸಲ ಕೇಳಿದ್ದು ಇನ್ನೊಂದು: ಒಂದು ದಿನ ಇಬ್ಬರೂ ಎಲ್ಲಾದರೂ ಹೋಗಿ ಸುಮ್ಮನೆ ಕೂತು ಬರಬೇಕು. ಕುರಿ ಇರಬಾರದು, ಕೊಡಲಿ ಇರಬಾರದು, ಎದ್ದು ಓಡುವಂಥದ್ದೇನೂ ಇರಬಾರದು. ಅಪ್ಪ ಅದಕ್ಕೆ ಒಮ್ಮೆಯೂ ಇಲ್ಲ ಅನ್ನಲಿಲ್ಲ. "ಕೋಡಿ ಬಿದ್ದ ದಿನ ಅಲ್ಲೇ ಹೋಗಿ ಕುಂತ್ಕಳಾಣ" ಅಂದ. ಅಂದು ಕುರಿ ಹಿಂದೆ ಹೋದ.

ಅವ್ವ ಕೋಡಿಯನ್ನು ನೋಡಿರಲಿಲ್ಲ ನಿಜ, ಆದರೆ ಆ ಜಲಾಶಯದ ತಳ ಅವಳಿಗೆ ನಮ್ಮ ಹಿತ್ತಿಲಿನಷ್ಟೇ ಪರಿಚಯ. ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರು ಹಿಂದೆ ಸರಿದು, ಬಿಟ್ಟುಹೋದ ಮಣ್ಣಿನಲ್ಲಿ ಎಳೆ ಹುಲ್ಲು ಹುಟ್ಟುತ್ತಿತ್ತು. ಸುತ್ತಲ ಊರಿನ ಮಂದೆಗಳೆಲ್ಲ ಅಲ್ಲಿಗೆ ಇಳಿಯುತ್ತಿದ್ದವು. ನಾನು ಚಿಕ್ಕವನಿದ್ದಾಗ ಅಂಥ ಒಂದು ಬೇಸಿಗೆಯನ್ನು ನಾವು ಅಲ್ಲೇ ಕಳೆದೆವು. ಹಗಲು ಹುಲ್ಲು, ಸಂಜೆ ಮೂರು ಕಲ್ಲಿನ ಒಲೆ, ಕತ್ತಲಾದ ಮೇಲೆ ಕುರಿಗಳ ನಡುವೆ ಕಂಬಳಿ. ಕುರಿ ಉಸಿರಾಡಿದರೆ ಬೆನ್ನು ಬೆಚ್ಚಗಾಗುತ್ತಿತ್ತು.

ಮಲಗಿದ್ದಾಗ ಅವ್ವ ಬಂಡೆಯ ಮೇಲಿದ್ದ ಒಂದು ಬಿಳಿ ಗೆರೆ ತೋರಿಸಿ ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಅಗಾ, ನೀರು ಬಂದ್ರೆ ಅಲ್ಲಿಗಂಟ ಬರ್ತೈತೆ. ನಾವೀಗ ನೀರಿನ ತಳದಾಗೆ ಮಲಗೀವಿ ಕಣಪ್ಪ." ಅವಳು ತಮಾಷೆಗೆ ಅಂದಳೋ, ಹೆದರಿಸಲು ಅಂದಳೋ ಗೊತ್ತಿಲ್ಲ. ನಾನು ಮಾತ್ರ ಮನಸ್ಸಿನಲ್ಲೇ ಆ ಗೆರೆಯಿಂದ ಕೆಳಕ್ಕೆ ಪೂರ್ತಿ ನೀರು ತುಂಬಿಸಿಕೊಂಡು ಮಲಗಿದೆ. ನಮ್ಮ ಮೇಲೆ ಮೀನು ಹೋಗುತ್ತಿದ್ದವು. ಚುಕ್ಕಿಗಳು ನೀರಿನ ಆಚೆ ಅಲುಗಾಡುತ್ತಿದ್ದವು. ಅಪ್ಪನ ಕೆಮ್ಮು ಎಲ್ಲೋ ದೂರದಿಂದ, ಒದ್ದೆಯಾಗಿ ಕೇಳಿಸುತ್ತಿತ್ತು. ಬೆಳಗ್ಗೆ ಎದ್ದಾಗ ಬಟ್ಟೆ ಒಣಗಿಯೇ ಇದ್ದದ್ದು ನೋಡಿ ನನಗೆ ಸ್ವಲ್ಪ ಬೇಜಾರಾಗಿತ್ತು.

ಅಪ್ಪ ಹೋದ ಮೇಲೆ ಕುರಿ ಮಾರಿದೆವು. ನಾನು ಗುಡ್ಡ ಹತ್ತಿದೆ. ನಮ್ಮ ಜಿಲ್ಲೆಯ ಗುಡ್ಡಗಳ ಮೇಲೆಲ್ಲ ಗಾಳಿಯಲ್ಲಿ ಕರೆಂಟು ತೆಗೆಯುವ ಯಂತ್ರಗಳಿವೆಯಲ್ಲ, ಜನ ಅವಕ್ಕೆ ಫ್ಯಾನು ಅನ್ನುತ್ತಾರೆ. ಅವುಗಳ ರೆಕ್ಕೆ ರಿಪೇರಿ ಮಾಡುವುದು ನನ್ನ ಕೆಲಸ. ರೆಕ್ಕೆ ಅಂದರೆ ಬಸ್ಸಿಗಿಂತ ಉದ್ದ. ಸಿಡಿಲು ಬಡಿದು, ಮಳೆ ಹೊಡೆದು, ಅದರ ಅಂಚು ಸವೆಯುತ್ತದೆ, ಬಿರುಕು ಬಿಡುತ್ತದೆ. ಫ್ಯಾನು ನಿಲ್ಲಿಸಿ, ಕೆಟ್ಟ ರೆಕ್ಕೆಯನ್ನು ನೆಲದ ಕಡೆ ಚಾಚಿಸಿ, ಕಂಬದ ತುದಿಯಿಂದ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಉಜ್ಜಬೇಕು, ಗಾಜಿನ ನಾರಿನ ಬಟ್ಟೆ ಇಟ್ಟು ಅಂಟು ಬಳಿಯಬೇಕು, ಒಣಗಿದ ಮೇಲೆ ಮತ್ತೆ ಉಜ್ಜಿ ಬಣ್ಣ ಹಚ್ಚಬೇಕು. ಗೋಡೆ ಸಾರಿಸಿದ ಹಾಗೇ, ಕಾಲ ಕೆಳಗೆ ನೆಲ ಇರುವುದಿಲ್ಲ ಅಷ್ಟೇ.

ನಾನು ಯಾವ ಕಂಪನಿಯ ನೌಕರನೂ ಅಲ್ಲ. ಕರೆದವರ ಗುಡ್ಡಕ್ಕೆ ಹೋಗುವ ಸ್ವಂತ ಗುತ್ತಿಗೆ. ಜೊತೆಗೆ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಒಬ್ಬ ಗೆಳೆಯ; ಅವನು ಒಂದು ಹಗ್ಗ, ನಾನು ಒಂದು ಹಗ್ಗ. ನನಗೆ ನಾನೇ ಧಣಿ ಎಂದು ಮೊದಮೊದಲು ಬೀಗಿದ್ದೆ. ರಜೆ ಬೇಕೆಂದಾಗ ತಿಳಿಯಿತು ಈ ಧಣಿ ಎಂಥವನೆಂದು. ಕೇಳುವಾಗ ನಾನು ಬಲು ವಿನಯದಿಂದಲೇ ಕೇಳುತ್ತೇನೆ. ಕೊಡಬೇಕಾದವನು ಮಹಾ ಜುಗ್ಗ. ಇದೊಂದು ರೆಕ್ಕೆ ಮುಗಿಯಲಿ ಅನ್ನುತ್ತಾನೆ, ಮುಗಿದರೆ ಪಕ್ಕದ ಫ್ಯಾನು ತೋರಿಸುತ್ತಾನೆ. ಬೈಯೋಣವೆಂದರೆ ಕನ್ನಡಿಯ ಮುಂದೆ ನಿಂತು ಬೈಯಬೇಕು.

ನಮಗೆ ರಜೆ ಕೊಡುತ್ತಿದ್ದದ್ದು ಗಾಳಿ ಒಂದೇ. ಆಷಾಢ, ಶ್ರಾವಣದಲ್ಲಿ ಅದು ಗುಡ್ಡದ ಮೇಲೆ ಮನುಷ್ಯನನ್ನು ನಿಲ್ಲಲು ಬಿಡುವುದಿಲ್ಲ. ಆಗ ಹಗ್ಗ ಮುಟ್ಟುವಂತಿಲ್ಲ. ಮಳೆಗಾಲ ಹಿಂದಾಗಿ ಗಾಳಿ ಬಿದ್ದ ಮೇಲೆ ನಮ್ಮ ಸುಗ್ಗಿ. ಆ ಸುಗ್ಗಿಯ ನಡುವೆಯೂ ಒಂದೊಂದು ದಿನ ಗಾಳಿ ಜೋರಾಗಿ ಎದ್ದು ನಮ್ಮನ್ನು ಹಿರಿಯೂರಿನ ಬಾಡಿಗೆ ಕೋಣೆಯಲ್ಲಿ ಕೂರಿಸುತ್ತಿತ್ತು. ಮೊಬೈಲಿನಲ್ಲಿ ಗಾಳಿಯ ವೇಗ ನೋಡುತ್ತಾ, ಕಿಟಕಿಯಾಚೆ ಯಾರದೋ ಮನೆಯ ಬಟ್ಟೆ ಹಾರುವುದನ್ನು ನೋಡುತ್ತಾ ಬಿದ್ದುಕೊಂಡಿರುತ್ತಿದ್ದೆವು. ಊರಿಗೆ ಹೋಗುವುದು, ನೆಂಟರಿಷ್ಟರು, ಹಲ್ಲುನೋವು, ಎಲ್ಲವನ್ನೂ ನಾನು ಆ ದಿನಗಳಿಗೇ ಎತ್ತಿಡುತ್ತಿದ್ದೆ. ಹೆಂಡತಿಗೂ ಅವ್ವನಿಗೂ ಅದು ರೂಢಿಯಾಗಿತ್ತು. ಫೋನು ಮಾಡಿದರೆ ಊಟ ಆಯ್ತಾ ಅನ್ನುವ ಮೊದಲು, "ಗಾಳಿ ಐತಾ?" ಎಂದು ಕೇಳುತ್ತಿದ್ದರು.

ಆ ವರ್ಷ ಮಳೆ ನಿಲ್ಲುವ ಹಾಗೇ ಕಾಣಲಿಲ್ಲ. ವೇದಾವತಿ ಹೊಳೆ ಕೆಂಪಗೆ ಹರಿಯಿತು. ಜಲಾಶಯದ ನೀರು ಮೇಲೇರುತ್ತಿದೆ ಎಂದು ಬಸ್ಸಿನಲ್ಲಿ, ಚಹದ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ ಅದೇ ಮಾತು. ಒಂದು ದಿನ ಹೆಂಡತಿ ಫೋನು ಮಾಡಿ, "ರೀ, ಮಾರಿಕಣಿವೆ ಕೋಡಿ ಬಿದ್ದೈತಂತೆ" ಅಂದಳು. ನನಗೆ ಮೊದಲು ಏನೋ ಆಗುವುದಿಲ್ಲ ಎಂದು ಹೇಳುತ್ತಿದ್ದಾಳೆ ಅನ್ನಿಸಿತು. ಅರ್ಥವಾದಾಗ ಕೂತಲ್ಲಿಂದ ಎದ್ದು ನಿಂತೆ. ಆ ಕಡೆ ಅವ್ವ ಅವಳ ಕೈಯಿಂದ ಫೋನು ಕಿತ್ತುಕೊಂಡಳು.

"ಯಾವತ್ತು ಬರ್ತೀಯ? ಕುಂತ್ಕಂಡು ಬರಾಣ."

ಅವಳ ದನಿಯಲ್ಲಿ ಅನುಮಾನವೇ ಇರಲಿಲ್ಲ. ಅಪ್ಪ ಹೇಳಿದ ದಿನ ಬಂದಿದೆ, ಅಪ್ಪ ಇಲ್ಲ, ಮಗ ಇದ್ದಾನೆ. ಅವಳ ಪಾಲಿಗೆ ಅಷ್ಟು ಸರಳ. "ಗಾಳಿ ಬಂದ ದಿನ ಬಂದ್ಬಿಡ್ತೀನಿ ಕಣವ್ವ" ಅಂದೆ.

ನಾವು ಆಗ ಕೆಲಸ ಮಾಡುತ್ತಿದ್ದದ್ದು ಮಾರಿಕಣಿವೆಯ ಪಕ್ಕದ ಗುಡ್ಡಗಳ ಮೇಲೇ. ಬೆಳಗ್ಗೆ ಹಗ್ಗದಲ್ಲಿ ಇಳಿದು ಮೊದಲ ಸಲ ತಲೆ ತಿರುಗಿಸಿದಾಗ ಕಂಡದ್ದು ನನಗೆ ಹೇಳಲು ಬರುವುದಿಲ್ಲ. ನೀರು ಗುಡ್ಡಗಳ ಸಂದುಗಳೊಳಗೆಲ್ಲ ನುಗ್ಗಿ ಮಲಗಿತ್ತು. ಚಿಕ್ಕ ಗುಡ್ಡಗಳು ತಲೆ ಮಾತ್ರ ಹೊರಗಿಟ್ಟಿದ್ದವು. ಮಂಜು ನೀರಿನಿಂದ ಎದ್ದು ಗುಡ್ಡದ ಸೊಂಟದವರೆಗೆ ಬಂದು ಅಲ್ಲೇ ನಿಂತಿತ್ತು, ನಾನು ಅದರ ಮೇಲೆ ತೂಗುತ್ತಿದ್ದೆ. ಮಂಜು ಸರಿದಾಗ ನೀರಿನಲ್ಲಿ ಮೋಡ, ಮೋಡದ ನಡುವೆ ಫ್ಯಾನುಗಳ ನೆರಳು. ದೂರದಲ್ಲಿ ಕೋಡಿಯ ಮೇಲೆ ಬೆಳ್ಳಗೆ ಹರಿಯುವ ನೀರು. ಸದ್ದು ನಮ್ಮವರೆಗೆ ಬರುತ್ತಿರಲಿಲ್ಲ. ನಾವು ಮಲಗಿದ್ದ ಜಾಗ ಎಲ್ಲಿರಬಹುದು ಎಂದು ಹುಡುಕಿದೆ. ಆ ಬಂಡೆಯ ಬಿಳಿ ಗೆರೆ ಈಗ ನೀರಿನೊಳಗೆ. ಎಲ್ಲೋ ಅದರ ಕೆಳಗೆ ಮೂರು ಕಲ್ಲಿನ ಒಲೆ, ಕುರಿ ಹಿಕ್ಕೆ, ಅಪ್ಪನ ಕೆಮ್ಮು. ಉಜ್ಜುತ್ತಿದ್ದ ಕೈ ಎಷ್ಟೋ ಹೊತ್ತು ನಿಂತುಹೋಗಿತ್ತು. ಪಕ್ಕದ ಹಗ್ಗದಿಂದ ಗೆಳೆಯ, "ಅಣ್ಣ, ನಿದ್ದೆ ಬಂತಾ?" ಎಂದು ಕೂಗಿದ.

ಹೀಗೆ ದಿನವೂ ನಾನು ನೋಡುತ್ತಿದ್ದೆ. ನೋಡಬೇಕಾದವಳು ಶ್ರೀರಾಂಪುರದ ಕಡೆ ಅಂಗಳದಲ್ಲಿ ಕೂತು ಗಾಳಿ ಕಾಯುತ್ತಿದ್ದಳು.

ಗಾಳಿ ಬರಲೇ ಇಲ್ಲ. ಅಂಥ ಸುಗ್ಗಿಯನ್ನು ನಮ್ಮ ಕಸುಬಿನವರು ಕನಸಿನಲ್ಲೂ ಕಂಡಿರಲಿಕ್ಕಿಲ್ಲ. ಮಳೆ ಹೊಳವಾಯಿತು, ಬಿಸಿಲು ಹದವಾಗಿತ್ತು, ಗಾಳಿ ಫ್ಯಾನುಗಳನ್ನು ಮೆಲ್ಲಗೆ ತಿರುಗಿಸುವಷ್ಟು ಮಾತ್ರ. ನಾವು ಒಂದು ರೆಕ್ಕೆಯಿಂದ ಇನ್ನೊಂದಕ್ಕೆ ದಾಟುತ್ತಿದ್ದೆವು. ಗೆಳೆಯ ಖುಷಿಯಲ್ಲಿದ್ದ. ಜಿಲ್ಲೆಯ ಜನವೆಲ್ಲ ಟ್ರ್ಯಾಕ್ಟರು, ಲಗೇಜ್ ಆಟೊ ಕಟ್ಟಿಕೊಂಡು ಕೋಡಿ ನೋಡಲು ಬರುತ್ತಿದ್ದರು. ಅವನ ನೆಂಟರೇ ಚಿತ್ರಾನ್ನ ಕಟ್ಟಿಕೊಂಡು ಬಂದು ಹೋದರು. ಮೇಲಿನಿಂದ ಅವರೆಲ್ಲ ಚೆಲ್ಲಿದ ರಾಗಿಯ ಹಾಗೆ ಕಾಣುತ್ತಿದ್ದರು.

ಅವ್ವ ಅಲ್ಲಿ ಗಾಳಿಯ ಮೇಲೆ ಕಣ್ಣಿಟ್ಟಿದ್ದಳು. ತಂತಿಯ ಮೇಲಿನ ಬಟ್ಟೆ ಸ್ವಲ್ಪ ಅಲುಗಿದರೂ ಫೋನು. "ಇಲ್ಲಿ ಗಾಳಿ ಎದ್ದೈತೆ. ಅಲ್ಲಿ?" ಒಮ್ಮೆಯಂತೂ, "ಮರ ಕಿತ್ಕಂಡು ಹೋಗಂಗೆ ಬೀಸ್ತೈತೆ ಕಣಪ್ಪ" ಎಂದಳು. ಹಿಂದೆ ಹೆಂಡತಿ ನಗುತ್ತಿದ್ದಳು. ಆಮೇಲೆ ಗುಟ್ಟಾಗಿ ಹೇಳಿದಳು, "ಒಂದು ಎಲೆ ಅಲ್ಲಾಡಿಲ್ಲ ರೀ. ಅತ್ತೆ ಹುಣಸೆ ಮರ ನೋಡ್ಕಂಡು ಬೈತಾ ಕುಂತವ್ರೆ." ನಕ್ಕೆ. ನಕ್ಕ ಮೇಲೆ ಮತ್ತೊಮ್ಮೆ ಮೊಬೈಲಿನಲ್ಲಿ ಗಾಳಿಯ ವೇಗ ನೋಡಿದೆ.

ಅಷ್ಟರಲ್ಲಿ ಕೋಡಿಯ ನೀರು ತಗ್ಗುತ್ತಿದೆ ಎಂಬ ಸುದ್ದಿ. ಚಹದ ಅಂಗಡಿಯವನೂ, "ನೋಡೋರು ಈ ವಾರದಾಗೆ ನೋಡ್ಬೇಕಪ್ಪ, ಆಮೇಲೆ ಯಾರ ಕಾಲಕ್ಕೋ" ಅಂದ. ಮೇಲಿನಿಂದ ನೋಡಿದರೆ ನನಗೂ ಆ ಬಿಳಿಯ ಪಟ್ಟಿ ತೆಳ್ಳಗಾದಂತೆ ಕಂಡಿತು. ಆ ಸಂಜೆ ಅವ್ವನಿಗೆ ಫೋನು ಮಾಡಿ, ಈ ಕೆಲಸ ಮುಗಿಸಿ ಉಳಿದ ದಿನ ಖಂಡಿತ ಬರುತ್ತೇನೆ ಅಂದೆ.

"ನಮ್ಮನೆ ಎಮ್ಮೆ ಈದ್ರೆ ಮೊದ್ಲು ಏನ್ ಮಾಡ್ತೀವಿ?" ಎಂದು ಕೇಳಿದಳು.

ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಎಮ್ಮೆ ಈದ ಮೇಲೆ ಕಡೆದ ಮೊದಲ ಬೆಣ್ಣೆ ಕಾಯಿಸಿದ ತುಪ್ಪ ಮನೆದೇವರಿಗೆ ಮೀಸಲು. ಅದು ದೇವರಿಗೆ ಮುಟ್ಟುವವರೆಗೂ ಮನೆಯವರು ಯಾರೂ ತುಪ್ಪ ನಾಲಿಗೆಗೆ ಹಾಕುವಂತಿಲ್ಲ. ಚಿಕ್ಕಂದಿನಲ್ಲಿ ಆ ಗಡಿಗೆಯ ಸುತ್ತ ಸುಳಿದಾಡಿ ಬೆನ್ನಿಗೆ ಗುದ್ದು ತಿಂದವನು ನಾನು.

"ಮೀಸಲು ತೆಗೀತೀವಿ" ಅಂದೆ.

"ಎಲ್ಲಾರೂ ಉಂಡು ಉಳಿದದ್ದು ತಗಂಡೋಗಿ ದೇವ್ರಿಗೆ ಇಕ್ತೀವೇನು?"

"ಇಲ್ಲವ್ವ."

"ಮತ್ತೆ?" ಅಂದು ಫೋನು ಹೆಂಡತಿಗೆ ಕೊಟ್ಟಳು.

ಆ ರಾತ್ರಿ ಚೆನ್ನಾಗಿ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎದ್ದವನೇ ಅಭ್ಯಾಸಬಲದಿಂದ ಮೊಬೈಲಿನಲ್ಲಿ ಗಾಳಿ ನೋಡಿದೆ, ಇರಲಿಲ್ಲ. ಅಭ್ಯಾಸಬಲದಿಂದಲೇ ಗುಡ್ಡ ಹತ್ತಿದೆ. ಒಂದು ಬಿರುಕಿನ ಮೇಲೆ ಬಟ್ಟೆ ಇಟ್ಟು ಅಂಟು ಬಳಿದು ಮುಗಿಸಿದ್ದೆವು. ಬಿಸಿಲು ಏರಿತ್ತು. ಎದೆಯ ಚೀಲದಲ್ಲಿದ್ದ ಫೋನು ನಡುಗಿತು. ಗೆಳೆಯನ ಜೊತೆ ಮಾತಾಡಲೆಂದು ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನಿನಲ್ಲಿ ಅವ್ವನ ದನಿ ಬಂತು. ದನಿಯ ಹಿಂದೆ ಒಂದು ದೊಡ್ಡ ಭೋರೆಂಬ ಸದ್ದು.

"ಎಲ್ಲಿದೀಯ?"

"ಮೇಲೆ. ಕೆಲಸದಾಗೆ. ಅದೇನವ್ವ ಸದ್ದು?"

"ಕೋಡಿ ತಾವ ಬಂದೀನಿ. ನಿನ್ನ ಹೆಂಡ್ತೀನೂ ಅವ್ಳೆ. ಹೊಸದುರ್ಗಕ್ಕೆ ಬಂದು ಬಸ್ ಹಿಡ್ದ್ವಿ."

ನಾನು ಹಗ್ಗದಲ್ಲೇ ತಿರುಗಿ ಕೋಡಿಯ ಕಡೆ ನೋಡಿದೆ. ಜನ ಇದ್ದರು, ಅವರಲ್ಲಿ ಅವ್ವ ಯಾರು ಎಂದು ಹೇಗೆ ತಿಳಿಯಬೇಕು. ಕೈ ಎತ್ತಿದೆ. ಎತ್ತಿದ ಮೇಲೆ ನನ್ನ ಪೆದ್ದುತನಕ್ಕೆ ನನಗೇ ನಗು ಬಂತು. ಅಷ್ಟು ದೂರದಿಂದ ರೆಕ್ಕೆಯೇ ಕಡ್ಡಿಯಷ್ಟು ಕಾಣುವಾಗ ನನ್ನ ಕೈ ಯಾರಿಗೆ ಕಾಣಬೇಕು?

"ಇಲ್ಲಿಂದ ನೀನು ಕಾಣಲ್ಲ ಕಣವ್ವ, ನಾನೂ ನಿಂಗೆ ಕಾಣಲ್ಲ" ಅಂದೆ.

"ನಂಗೆ ಕಾಣ್ತೈತಲ್ಲ" ಅಂದಳು ಅವ್ವ. "ಗುಡ್ಡದ ಮೇಲೆ ಸಾಲಿಗೆ ಎಲ್ಲಾ ಫ್ಯಾನೂ ತಿರುಗ್ತಾ ಅವೆ. ಒಂದು ಮಾತ್ರ ನಿಂತೈತೆ. ಅದ್ರಾಗೆ ನೀನಿದೀಯ."

ತಿರುಗಿ ನೋಡಿದೆ. ಎಡಕ್ಕೂ ಬಲಕ್ಕೂ ಫ್ಯಾನುಗಳು ಅವಸರವಿಲ್ಲದೆ ತಿರುಗುತ್ತಿದ್ದವು. ನಡುವೆ ನಮ್ಮದು ನಿಂತಿತ್ತು. ಇಷ್ಟು ವರ್ಷ ದಿನವೂ ಒಂದೊಂದು ಫ್ಯಾನು ನಿಲ್ಲಿಸಿದ್ದೇನೆ. ಊರಿಂದ ಹೊಲದಿಂದ ನೋಡುವವರಿಗೆ ನಾವು ಹೀಗೆ ಕಾಣುತ್ತೇವೆಂದು ಒಂದು ದಿನವೂ ಹೊಳೆದಿರಲಿಲ್ಲ. ಅಷ್ಟು ದೊಡ್ಡ ಯಂತ್ರ ನಮಗೋಸ್ಕರ ನಿಲ್ಲುತ್ತದೆ. ನಿಲ್ಲಿಸಿದವನಿಗೆ ತಾನು ನಿಲ್ಲಲು ಬರುವುದಿಲ್ಲ. ಕಣ್ಣು ಮಂಜಾಯಿತು. ಹೆಲ್ಮೆಟ್ಟಿನ ಗಾಜು ಇದ್ದದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಪಕ್ಕದ ಹಗ್ಗದಲ್ಲಿದ್ದ ಗೆಳೆಯನಿಗೆ ನನ್ನ ಮಾತೆಲ್ಲ ಕೇಳಿಸಿತ್ತು. ಅವನು ತನ್ನ ಬ್ರಷ್ಷನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. "ಅಂಟು ಒಣಗಬೇಕು ಅಣ್ಣ. ಒಣಗೋಗಂಟ ಇಲ್ಲಿ ಜೋಲಾಡ್ತಾ ಏನ್ ಮಾಡಾಣ? ಇಳೀ ಮೊದ್ಲು" ಅಂದ. ಪಕ್ಕದಲ್ಲೇ ಇನ್ನೊಂದು ಬಿರುಕು ಇತ್ತು. ಅಂಟು ಒಣಗುವಷ್ಟರಲ್ಲಿ ಅದನ್ನು ಉಜ್ಜಿ ಮುಗಿಸುವುದು ನಮ್ಮ ಪದ್ಧತಿ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ. ನನ್ನೊಳಗಿನ ಜುಗ್ಗ ಧಣಿ ಬಾಯಿ ತೆರೆಯುವ ಮೊದಲೇ ನಾನು ಹಗ್ಗ ಬಿಡುತ್ತಾ ಇಳಿದೆ.

ಗುಡ್ಡದ ಮಣ್ಣು ರಸ್ತೆಯಲ್ಲಿ ಬೈಕು ಇಳಿಸುವಾಗ ಎಲ್ಲವೂ ನಿಧಾನವಾಗಿತ್ತು. ದಾರಿಯ ಎರಡೂ ಬದಿ ಹಳದಿ ಹೂವು. ನೀರು ಒಮ್ಮೆ ಎಡಕ್ಕೆ ಕಂಡು, ಗುಡ್ಡದ ಹಿಂದೆ ಅಡಗಿ, ಬಲಕ್ಕೆ ಕಾಣುತ್ತಿತ್ತು. ಕೆಳಗಿಳಿದ ಹಾಗೆಲ್ಲ ಅದರ ತಣ್ಣನೆ ವಾಸನೆ ಬಂತು, ಆಮೇಲೆ ಸದ್ದು ಬಂತು. ಚಿಕ್ಕಂದಿನಲ್ಲಿ ಕಂಬಳಿಯೊಳಗೆ ಮಲಗಿ ಕಲ್ಪಿಸಿಕೊಂಡಿದ್ದ ಸದ್ದೇ ಇದು ಅನ್ನಿಸಿತು. ಆಗ ಇನ್ನೂ ಹರಿಯದಿದ್ದ ನೀರು ಹೇಗೆ ಕೇಳಿಸಿತ್ತೋ.

ಅವ್ವ ಜನರಿಂದ ಸ್ವಲ್ಪ ದೂರ, ನೀರು ಕಾಣುವ ಒಂದು ಚಪ್ಪಟೆ ಬಂಡೆಯ ಮೇಲೆ ಕಂಬಳಿ ಹಾಸಿದ್ದಳು. ಅಪ್ಪನ ಕಂಬಳಿ. ಅದರ ಒಂದು ಅಂಚಿನಲ್ಲಿ ಅವಳು ಕೂತಿದ್ದಳು. ಪಕ್ಕದಲ್ಲಿ ಹೆಂಡತಿ ನೆಲದ ಮೇಲೇ ಕೂತು ಕಾಲು ಚಾಚಿದ್ದಳು. ನಾನು ಹೋಗಿ ಅವ್ವನ ಹತ್ತಿರ ಕೂರಲು ಬಗ್ಗಿದೆ.

"ಆ ಕಡೆ ತುದೀಗೆ ಕುಂತ್ಕ" ಅಂದಳು. "ನಡುವೆ ಬಿಡು."

ಬಿಟ್ಟೆ. ರಾಗಿ ರೊಟ್ಟಿಯ ಗಂಟು ಬಿಚ್ಚಿ, ಮೊದಲ ರೊಟ್ಟಿಯ ಮೇಲೆ ಹುಚ್ಚೆಳ್ಳು ಚಟ್ನಿ ಇಟ್ಟು ಆ ನಡುವಿನ ಜಾಗದಲ್ಲಿಟ್ಟಳು. ಆಮೇಲೆ ನಮಗೆ ಕೊಟ್ಟಳು. ನೀರು ಬೆಳ್ಳಗೆ ಮುರಿದು ಬೀಳುತ್ತಿತ್ತು, ಅದರ ಹನಿ ಜೋರು ಗಾಳಿಯಿಲ್ಲದಿದ್ದರೂ ನಮ್ಮವರೆಗೆ ಬಂದು ಮುಖಕ್ಕೆ ತಾಗುತ್ತಿತ್ತು. ಅವ್ವ ತುಂಬಿದ ಜಲಾಶಯದ ಕಡೆ ಬೆರಳು ಮಾಡಿ, "ಅಲ್ಲೇ ಅಲ್ವಾ ನಾವು ಮಲಗ್ತಿದ್ದಿದ್ದು" ಅಂದಳು. ಅಲ್ಲೇ ಇರಬೇಕು ಅಂದೆ. ನೀರಿನ ಮೇಲೆ ಒಂದು ಬೆಳ್ಳಕ್ಕಿ ಸಾಲು ಹೋಯಿತು.

ನಾನು ಗೊತ್ತಿಲ್ಲದೆ ತಲೆ ಎತ್ತಿ ಗುಡ್ಡ ನೋಡಿದೆನೇನೋ. ಅವಳಿಗೆ ಗೊತ್ತಾಯಿತು.

"ಇನ್ಮೇಲೆ ಏನಂತ ಹೇಳ್ತೀಯ?" ಅಂದಳು.

"ಏನನ್ನ?"

"ಆಮೇಲೆ ಬರ್ತೀನಿ ಅನ್ನಾಕೆ. ನಿಮ್ಮಪ್ಪಂಗೆ ಕೋಡಿ ಇತ್ತು, ಹೇಳ್ಕಂಡು ಹೇಳ್ಕಂಡು ಹೋಗ್ಬಿಟ್ಟ. ಕೋಡೀನೂ ಬಿತ್ತು. ನಿಂಗೆ ಇನ್ನೇನೈತೆ?"

ಅವಳು ಬೈಯುತ್ತಿರಲಿಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದಳು. ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಫೋನು ಹೆಂಡತಿಯ ಕೈಗೆ ಕೊಟ್ಟು, ಕಂಬಳಿಯ ಮೇಲೆ ಕಾಲು ಮಡಿಸಿಕೊಂಡೆ. ಗುಡ್ಡದ ಮೇಲೆ ಆ ಒಂದು ಫ್ಯಾನು ನಿಂತೇ ಇತ್ತು. ಬಿಸಿಲು ಇಳಿಯುವವರೆಗೂ ನಾವು ಅಲ್ಲೇ ಕೂತಿದ್ದೆವು, ನಡುವೆ ಅಷ್ಟು ಜಾಗ ಬಿಟ್ಟುಕೊಂಡು.